ದಾಖಲಾತಿ ಪುಸ್ತಕದಿಂದ ಮತದಾರರ ಪಟ್ಟಿಯವರೆಗೆ: ನಡುವೆ ನಿಂತವರ ಚರಿತ್ರೆ

ಹೊಸದುರ್ಗ ತಾಲ್ಲೂಕಿನ ಬಾಗೂರು ಎಂದೊಡನೆ ಚಿತ್ರದುರ್ಗ ಸೀಮೆಯವರಿಗೆ ನೆನಪಾಗುವುದು ಅಲ್ಲಿಯ ಚೆನ್ನಕೇಶವ ದೇವಾಲಯ. ಚರಿತ್ರೆಯ ವಿದ್ಯಾರ್ಥಿಗಳು ಇಂತಹ ಊರಿಗೆ ಬಂದರೆ ಗುಡಿಯ ಕಲ್ಲನ್ನು ನೋಡುತ್ತಾರೆ, ಶಾಸನದ ಅಕ್ಷರಗಳನ್ನು ಬಿಡಿಸಿ ಓದುತ್ತಾರೆ, ಅರಸರ ವಂಶಾವಳಿಯನ್ನು ಲೆಕ್ಕ ಹಾಕುತ್ತಾರೆ. ಅದು ಬೇಡವೆಂದಲ್ಲ. ಆದರೆ ಬಾಗೂರಿನಂತಹ ಪ್ರತಿಯೊಂದು ಊರಿನಲ್ಲಿಯೂ ಕಲ್ಲಿಗಿಂತ ಬೇಗನೆ ಸವೆಯುವ ಇನ್ನೊಂದು ಶಾಸನವಿದೆ. ಅದನ್ನು ನಾವು ಯಾರೂ ಕುತೂಹಲದಿಂದ ಓದುವುದಿಲ್ಲ. ಅದು ಸರಕಾರಿ ಶಾಲೆಯ ದಾಖಲಾತಿ ಪುಸ್ತಕ.

ಮಗುವಿನ ಹೆಸರು, ತಂದೆಯ ಹೆಸರು, ಮತ ಮತ್ತು ಜಾತಿ, ಮಾತೃಭಾಷೆ, ಹುಟ್ಟಿದ ದಿನಾಂಕ. ಇಷ್ಟೇ ಅಂಕಣಗಳು. ಒಂದು ಬಡ ಮನೆಯ ಮಗು ಮತ್ತು ಸರಕಾರ ಮೊದಲ ಬಾರಿಗೆ ಮುಖಾಮುಖಿಯಾಗುವುದು ಈ ಅಂಕಣಗಳಲ್ಲಿ. ಆ ದಿನ ಮಗುವಿನ ಪರವಾಗಿ ಮಾತನಾಡಿದವರು ಯಾರು? ಹಳೆಯ ತಲೆಮಾರಿನಲ್ಲಿ ಬಹುಪಾಲು ತಂದೆಯಲ್ಲ. ಅವರು ಸಂತೆಗೋ ಹೊಲಕ್ಕೋ ಹೋಗಿರುತ್ತಿದ್ದರು. ತಾಯಿಯಂತೂ ಅಲ್ಲವೇ ಅಲ್ಲ. ನೆರೆಮನೆಯ ಹಿರಿಯರು, ಮಸೀದಿಯ ಮುಅಲ್ಲಿಮರು, ಒಮ್ಮೊಮ್ಮೆ ಮಕ್ಕಳನ್ನು ಹುಡುಕಿಕೊಂಡು ಬೀದಿಗೆ ಬಂದ ಮೇಷ್ಟರೇ ಆ ಅಂಕಣಗಳನ್ನು ತುಂಬಿಸುತ್ತಿದ್ದರು. ಹುಟ್ಟಿದ ದಿನ ಯಾರಿಗೂ ನೆನಪಿಲ್ಲದಿದ್ದರೆ ಜೂನ್ 1 ಎಂದು ಬರೆದು ಮುಗಿಸುವ ರೂಢಿಯಿತ್ತು. ನಮ್ಮ ಹಿರಿಯರಲ್ಲಿ ಎಷ್ಟು ಜನ ಆ ಒಂದೇ ದಿನ ಹುಟ್ಟಿದ್ದಾರೆಂದು ಲೆಕ್ಕ ಹಾಕಿದರೆ ನಗು ಬರುತ್ತದೆ. ಆದರೆ ಅಂದು ಅವಸರದಲ್ಲಿ ಬರೆದ ಆ ತಾರೀಖು, ಒಂದೊಂದು ಕಡೆ ಒಂದೊಂದು ರೀತಿ ಕಾಣುವ ಆ ಹೆಸರು, ವರ್ಗಾವಣೆ ಪತ್ರದಿಂದ ಪಡಿತರ ಚೀಟಿಗೂ ಅಲ್ಲಿಂದ ಮತದಾರರ ಪಟ್ಟಿಗೂ ಪಾಸ್‌ಪೋರ್ಟಿಗೂ ಸಾಗುವಾಗ ನಗು ನಿಂತುಹೋಗುತ್ತದೆ. ಹಕ್ಕು ಎಂಬುದು ರಾಜಧಾನಿಯಲ್ಲಿ ಬರೆಯಲ್ಪಡುತ್ತದೆ. ಅದು ಮಗುವಿನ ಕೈ ಸೇರುವುದು ನಡುವೆ ನಿಂತ ಒಬ್ಬ ಮನುಷ್ಯನ ಮೂಲಕ. ಆ ನಡುವಿನವರ ಚರಿತ್ರೆಯನ್ನೇ ನಾವು ಇಲ್ಲಿ ತುಸು ಹಿಂಬಾಲಿಸಬಯಸುತ್ತೇವೆ.

ಮಧ್ಯಸ್ಥಿಕೆ ಎಂದರೆ ನಮ್ಮ ಮನಸ್ಸಿಗೆ ಮೊದಲು ಬರುವುದು ಜಗಳ ಬಿಡಿಸುವುದು. ದಂಪತಿಯ ನಡುವೆ ಬಿರುಕು ಮೂಡಿದಾಗ ಎರಡೂ ಮನೆತನಗಳಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಬೇಕೆಂಬ ಪವಿತ್ರ ಕುರ್‌ಆನಿನ ಆದೇಶ ನಮಗೆಲ್ಲ ಪರಿಚಿತ. ಆದರೆ ಸೀರತ್‌ನಲ್ಲಿ ಇದಕ್ಕಿಂತ ವಿಶಾಲವಾದ ಅರ್ಥವೂ ಇದೆ. ಪ್ರವಾದಿತ್ವಕ್ಕಿಂತ ಮುನ್ನ ಕಅಬಾದ ಪುನರ್ನಿರ್ಮಾಣದ ಸಂದರ್ಭದಲ್ಲಿ ಹಜರುಲ್ ಅಸ್ವದ್ ಶಿಲೆಯನ್ನು ಸ್ವಸ್ಥಾನದಲ್ಲಿಡುವ ಗೌರವ ಯಾರಿಗೆ ಎಂದು ಕುರೈಶರ ಗೋತ್ರಗಳು ಕತ್ತಿ ಹಿರಿಯುವಷ್ಟರ ಮಟ್ಟಿಗೆ ಹೋದಾಗ, ಮುಹಮ್ಮದ್(ಸ) ಒಂದು ಬಟ್ಟೆಯನ್ನು ಹಾಸಿ, ಶಿಲೆಯನ್ನು ಅದರ ಮೇಲಿರಿಸಿ, ಎಲ್ಲ ಗೋತ್ರಗಳ ಮುಖಂಡರೂ ಅಂಚು ಹಿಡಿದು ಎತ್ತುವಂತೆ ಮಾಡಿದರು. ಬದ್ರ್ ಯುದ್ಧದ ಬಳಿಕ ಬಿಡುಗಡೆಯ ಹಣ ತೆರಲಾರದ, ಆದರೆ ಅಕ್ಷರ ಬಲ್ಲ ಸೆರೆಯಾಳುಗಳು ಮದೀನಾದ ಹತ್ತು ಮಕ್ಕಳಿಗೆ ಬರೆಯಲು ಕಲಿಸಿದರೆ ಸಾಕೆಂದು ನಿಶ್ಚಯಿಸಲಾದ ವೃತ್ತಾಂತವೂ ನಮಗೆ ತಿಳಿದದ್ದೇ. ಒಂದರಲ್ಲಿ ಅಂಚು ಹಿಡಿಯುವ ಹಕ್ಕು ಎಲ್ಲರಿಗೂ ದೊರೆಯಿತು. ಇನ್ನೊಂದರಲ್ಲಿ ನಿನ್ನೆಯ ಶತ್ರುವೇ ಮಕ್ಕಳ ಮುಂದೆ ಗುರುವಾಗಿ ಕುಳಿತ. ಈ ಎರಡು ಚಿತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ನಾಡಿನ ಚರಿತ್ರೆಗೆ ಬರೋಣ.

1868ರಲ್ಲಿ ಮೈಸೂರು ಸಂಸ್ಥಾನ ಇನ್ನೂ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಆಗ ಶಿಕ್ಷಣ ಇಲಾಖೆಯಲ್ಲಿದ್ದ ಬಿ. ಎಲ್. ರೈಸ್ ಅವರು ಹೋಬಳಿ ಶಾಲೆಗಳ ಯೋಜನೆಯನ್ನು ಮುಂದಿಟ್ಟರು. ಶಾಸನಗಳನ್ನು ಸಂಗ್ರಹಿಸಿ, ಎಪಿಗ್ರಾಫಿಯಾ ಕರ್ನಾಟಿಕದ 11ನೆಯ ಸಂಪುಟವನ್ನು ಚಿತ್ರದುರ್ಗ ಜಿಲ್ಲೆಗಾಗಿಯೇ ಮೀಸಲಿಟ್ಟ ಅದೇ ರೈಸ್. ಕಲ್ಲನ್ನು ಓದಿದ ಮನುಷ್ಯನೇ ಹಳ್ಳಿಯ ಮಕ್ಕಳ ಓದಿನ ನಕ್ಷೆಯನ್ನೂ ಬರೆದದ್ದು ಸ್ವಾರಸ್ಯಕರ. ಆ ಯೋಜನೆಯಲ್ಲೊಂದು ಷರತ್ತಿತ್ತು: ಶಾಲೆಗೆ ಬೇಕಾದ ಕಟ್ಟಡವನ್ನು ಊರಿನವರು ಒದಗಿಸಬೇಕು. ಅಂದರೆ ಗೌಡರು, ಶಾನುಭೋಗರು, ವರ್ತಕರು ಒಂದು ಕಡೆ ಕುಳಿತು ಮಾತನಾಡದೆ ಶಾಲೆ ಬರುವಂತಿರಲಿಲ್ಲ. ಸರಕಾರಿ ಶಾಲೆಯ ಹುಟ್ಟಿನಲ್ಲೇ ಊರಿನ ಮಧ್ಯಸ್ಥಿಕೆ ಬೆರೆತುಕೊಂಡಿತ್ತು.

ಅದರ ಒಳಿತೂ ಕೆಡುಕೂ ಅಲ್ಲಿಂದಲೇ ಆರಂಭವಾಯಿತು. ಜಾಗ ಕೊಟ್ಟವರ ಜಗಲಿಯಲ್ಲಿ ಶಾಲೆ ನಡೆದರೆ ಆ ಜಗಲಿಯನ್ನು ಹತ್ತುವ ಅನುಮತಿ ಯಾರಿಗಿತ್ತು? ದಲಿತರ ಮಕ್ಕಳಿಗೆ ಇರಲಿಲ್ಲ. ನಮ್ಮ ಮಕ್ಕಳ ಸ್ಥಿತಿ ಅಷ್ಟು ಕಠೋರವಾಗಿರಲಿಲ್ಲವಾದರೂ ಬೇರೆ ಬಗೆಯ ತೊಡಕಿತ್ತು. 1799ರ ಅನಂತರ ಸೈನ್ಯದ ಮತ್ತು ಅಧಿಕಾರದ ಆಸರೆ ತಪ್ಪಿದ ಕುಟುಂಬಗಳು ಸಣ್ಣ ವ್ಯಾಪಾರಕ್ಕೂ ಕಸುಬಿಗೂ ಇಳಿದಿದ್ದವು. ಮನೆಯಲ್ಲಿ ಆಡುವ ದಖ್ಖನಿ ಒಂದು, ಮಕ್ತಬ್‌ನಲ್ಲಿ ಕಲಿಯುವ ಲಿಪಿ ಇನ್ನೊಂದು, ಕಚೇರಿಯ ಕನ್ನಡ ಮತ್ತೊಂದು. ಸರಕಾರ ಪಟ್ಟಣಗಳಲ್ಲಿ ಹಿಂದೂಸ್ತಾನಿ ಶಾಲೆಗಳನ್ನು ತೆರೆಯಿತು. ಚೆದುರಿದ ನಾಲ್ಕಾರು ಮನೆಗಳಿರುವ ಹಳ್ಳಿಗಳಿಗೆ ಅವು ತಲುಪುವುದು ಹೇಗೆ? ಅಂತಹ ಹಳ್ಳಿಗಳಲ್ಲಿ ಮಗು ಕನ್ನಡ ಶಾಲೆಗೆ ಹೋಯಿತೇ ಇಲ್ಲವೇ ಎಂಬುದು ಮಸೀದಿಯ ಹಿರಿಯರ ಒಂದು ಮಾತಿನ ಮೇಲೆ ನಿಂತಿತ್ತು. ಕೆಲವರು ಕಳುಹಿಸಿದರು. ಕೆಲವರು ದೀನ್ ಹಾಳಾದೀತೆಂದು ತಡೆದರು. ತಡೆದವರ ಕಾಳಜಿಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಅದಕ್ಕೆ ತೆತ್ತ ಬೆಲೆಯನ್ನು ಮುಚ್ಚಿಡುವುದೂ ಸಲ್ಲ.

1881ರಲ್ಲಿ ಸಂಸ್ಥಾನ ಒಡೆಯರ್ ವಂಶಕ್ಕೆ ಮರಳಿತು. ಅದೇ ವರ್ಷ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಮೊದಲ ಸಭೆಗೆ ಬಂದವರು 144 ಮಂದಿ, ಭೂಮಾಲೀಕರು ಮತ್ತು ವರ್ತಕರು. ಅವರಿಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಊರಿನ ಅಹವಾಲನ್ನು ದಿವಾನರ ಮುಂದೆ ಹೇಳಬಹುದಿತ್ತು, ಅಷ್ಟೇ. ಅದನ್ನು ದಸರೆಯ ಅಲಂಕಾರವೆಂದು ಹಗುರವಾಗಿ ಕಂಡವರೂ ಇದ್ದರು. ನಮಗೆ ಹಾಗೆ ಅನಿಸುವುದಿಲ್ಲ. ಎತ್ತಿನ ಗಾಡಿಯಲ್ಲೂ ರೈಲಿನಲ್ಲೂ ಮೈಸೂರಿಗೆ ಬಂದು, ನಮ್ಮ ಹೋಬಳಿಗೆ ಶಾಲೆ ಬೇಕು, ನಮ್ಮ ಕೆರೆಯ ತೂಬು ಒಡೆದಿದೆ ಎಂದು ನಿಂತು ಹೇಳುವುದನ್ನು ಕಲಿತ ಮನುಷ್ಯ ಪ್ರಜೆಯೆಂಬ ಸ್ಥಿತಿಯಿಂದ ಪೌರನೆಂಬ ಸ್ಥಿತಿಗೆ ಒಂದು ಹೆಜ್ಜೆ ಇಟ್ಟಿದ್ದನು. ಕೊರತೆಯೆಂದರೆ, ಹಣವಂತನೇ ಬಡವನ ಪರವಾಗಿಯೂ ಮಾತನಾಡುತ್ತಿದ್ದನು. ಬಡವನು ಏನು ಹೇಳುತ್ತಿದ್ದನೆಂಬುದು ಯಾವ ದಾಖಲೆಯಲ್ಲಿಯೂ ಉಳಿಯುವಂತಿರಲಿಲ್ಲ.

ಈ ಕೊರತೆ ಬಹಿರಂಗವಾದದ್ದು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ. 1913ರಲ್ಲಿ ಪ್ರಾಥಮಿಕ ಶಿಕ್ಷಣ ಕಾಯಿದೆ ಬಂದಿತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಓದಿನ ಬಾಗಿಲುಗಳು ತೆರೆದವು. ಆದರೆ ತೆರೆದ ಬಾಗಿಲಿನಿಂದ ಒಳಗೆ ಹೋಗಿ ಸರಕಾರಿ ಹುದ್ದೆಯವರೆಗೆ ತಲುಪುತ್ತಿದ್ದವರು ಯಾರು ಎಂಬ ಪ್ರಶ್ನೆ ಎದ್ದಿತು. ಉತ್ತರ ಎಲ್ಲರಿಗೂ ತಿಳಿದಿತ್ತು: ಬಹುಪಾಲು ಒಂದೇ ಸಮುದಾಯದವರು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿಕೊಂಡಿತು. ಲಿಂಗಾಯತರು, ಒಕ್ಕಲಿಗರು, ಇತರ ಬ್ರಾಹ್ಮಣೇತರರು ಮತ್ತು ಮುಸ್ಲಿಮರು ಅದರಲ್ಲಿ ಒಟ್ಟಾಗಿ ಕುಳಿತರು. 1918ರಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಮುಂದೆ ಅವರ ನಿಯೋಗ ಅಹವಾಲು ಇಟ್ಟಿತು. ಅದರ ಫಲವಾಗಿ ಅದೇ ವರ್ಷ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ಸಮಿತಿಯ ಸದಸ್ಯರಲ್ಲಿ ಗುಲಾಮ್ ಅಹ್ಮದ್ ಕಲಾಮಿ ಅವರೂ ಇದ್ದರು.

ಇಲ್ಲಿ ನಾವು ತುಸು ನಿಲ್ಲಬೇಕು. ಕಲಾಮಿಯವರ ಹೆಸರು ಇಂದು ನಮ್ಮ ಮಕ್ಕಳ ಬಾಯಲ್ಲಿಲ್ಲ. ನಮ್ಮ ಸಭೆಗಳಲ್ಲಿ ಮೈಸೂರಿನ ಮುಸ್ಲಿಮರೆಂದರೆ ಟಿಪ್ಪು ಸುಲ್ತಾನರ ಬಳಿಕ ನೇರವಾಗಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರಿಗೆ ಜಿಗಿಯುತ್ತೇವೆ. ಕತ್ತಿ ಹಿಡಿದವರನ್ನೂ ಅಧಿಕಾರ ಹಿಡಿದವರನ್ನೂ ನೆನೆಯುವ ನಾವು ಸಮಿತಿಯ ಮೇಜಿನ ಮುಂದೆ ಕುಳಿತು ಅಂಕಿಅಂಶಗಳೊಡನೆ ವಾದಿಸಿದವರನ್ನು ಮರೆಯುತ್ತೇವೆ. ಕಲಾಮಿಯವರು ಒಂಟಿಯಾಗಿ ನಮ್ಮ ಸಮುದಾಯಕ್ಕೆ ಮಾತ್ರ ಬೇಡಿದ್ದರೆ ಎಷ್ಟು ದೊರೆಯುತ್ತಿತ್ತೋ ಹೇಳಲಾಗದು. ಮುಸ್ಲಿಮರು ಅಂದು ಸಂಸ್ಥಾನದ ಜನಸಂಖ್ಯೆಯಲ್ಲಿ ಒಂದು ಸಣ್ಣ ಭಾಗ. ಅವರು ತಮ್ಮಂತೆಯೇ ಹೊರಗೆ ನಿಂತಿದ್ದ ಇತರರೊಡನೆ ಬಟ್ಟೆಯ ಅಂಚು ಹಿಡಿದರು. ಅದರಿಂದಲೇ ಕಲ್ಲು ಮೇಲೆದ್ದಿತು.

ಸಮಿತಿಯ ಅಳತೆಗೋಲು ಸರಳವಾಗಿತ್ತು. ಇಂಗ್ಲಿಷ್ ಅಕ್ಷರಸ್ಥರ ಪ್ರಮಾಣ ಶೇಕಡ 5ಕ್ಕಿಂತ ಕಡಿಮೆಯಿರುವ ಸಮುದಾಯಗಳನ್ನು ಹಿಂದುಳಿದವು ಎಂದು ಅದು ಪರಿಗಣಿಸಿತು. ಅದರಂತೆ ನಾವೂ ಆ ಪಟ್ಟಿಯಲ್ಲಿ ಬಂದೆವು. 1919ರ ವರದಿಯಲ್ಲಿ ಏಳು ವರ್ಷಗಳ ಒಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಾಗದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರ ಸಮುದಾಯಗಳಿಗೆ ದೊರೆಯಬೇಕೆಂಬ ಶಿಫಾರಸು ಬಂದಿತು. ದಕ್ಷತೆಯನ್ನು ಪರೀಕ್ಷೆಯ ಅಂಕದಿಂದ ಮಾತ್ರ ಅಳೆಯಲಾಗದೆಂಬ ನಿಲುವನ್ನೂ ಸಮಿತಿ ತಾಳಿತು. 1921ರಲ್ಲಿ, ಕಾಂತರಾಜೇ ಅರಸರು ದಿವಾನರಾಗಿದ್ದಾಗ, ಸರಕಾರ ಇದನ್ನು ಆಜ್ಞೆಯಾಗಿ ಹೊರಡಿಸಿತು.

ದಿವಾನ್ ವಿಶ್ವೇಶ್ವರಯ್ಯನವರು ಈ ವಿಚಾರವನ್ನು ಒಪ್ಪಿರಲಿಲ್ಲ. ಅವರು 1918ರಲ್ಲಿ ಹುದ್ದೆ ತೊರೆದದ್ದಕ್ಕೆ ಈ ಭಿನ್ನಾಭಿಪ್ರಾಯವೂ ಕಾರಣವೆಂಬುದು ಪ್ರಸಿದ್ಧ. ಅವರನ್ನು ಈ ಕಾರಣಕ್ಕೆ ಖಳನಾಯಕನನ್ನಾಗಿ ಮಾಡುವ ಬರಹಗಳು ನಮಗೆ ಹಿಡಿಸುವುದಿಲ್ಲ. ಮೊದಲು ಶಿಕ್ಷಣ ಹರಡಲಿ, ಹುದ್ದೆ ತಾನಾಗಿ ಬರುತ್ತದೆ ಎಂಬುದು ಅವರ ವಾದದ ತಿರುಳು. ಎದುರಿನ ವಾದವೆಂದರೆ, ಹುದ್ದೆಯ ಆಸೆಯೇ ಕಾಣದ ಮನೆಯಲ್ಲಿ ಮಗುವನ್ನು ಶಾಲೆಗೆ ಕಳುಹಿಸುವ ಹುರುಪು ಎಲ್ಲಿಂದ ಬಂದೀತು? ಹಳ್ಳಿಯ ತಂದೆ ದೂರದ ತತ್ತ್ವವನ್ನು ನೋಡಿ ಮಗನನ್ನು ಓದಿಸುವುದಿಲ್ಲ. ತನ್ನವನೊಬ್ಬ ಅಮಲ್ದಾರನಾದುದನ್ನು ಕಂಡು ಓದಿಸುತ್ತಾನೆ. ಈ ವಿಷಯದಲ್ಲಿ ನಮ್ಮ ಒಲವು ಮಿಲ್ಲರ್ ಸಮಿತಿಯ ಕಡೆಗೇ.

ಅದೇ ವಿಶ್ವೇಶ್ವರಯ್ಯನವರು ಹತ್ತು ವರ್ಷಗಳ ತರುವಾಯ ಮತ್ತೊಂದು ಮಧ್ಯಸ್ಥಿಕೆಗೆ ಕರೆಯಲ್ಪಟ್ಟರು. 1928ರಲ್ಲಿ ಬೆಂಗಳೂರಿನ ಸುಲ್ತಾನ್ ಪೇಟೆಯ ಸರಕಾರಿ ಶಾಲೆಯ ಆವರಣದಲ್ಲಿದ್ದ ಗಣಪತಿ ವಿಗ್ರಹದ ಸುತ್ತ ಎದ್ದ ವಿವಾದ ಬೀದಿಯ ಗಲಭೆಯಾಯಿತು. ಮಿರ್ಜಾ ಇಸ್ಮಾಯಿಲರು ಆಗ ದಿವಾನರು. ಶಾಲೆಯ ಅಂಗಳದಲ್ಲಿ ಹಿರಿಯರು ಕುಳಿತು ಮುಗಿಸಬಹುದಾಗಿದ್ದ ಮಾತು ಇಡೀ ಸಂಸ್ಥಾನವನ್ನು ಕದಡಿತು. ವಿಚಾರಣಾ ಸಮಿತಿಯ ಅಧ್ಯಕ್ಷರಾದ ವಿಶ್ವೇಶ್ವರಯ್ಯನವರು ಕೇವಲ ಯಾರದು ತಪ್ಪೆಂದು ಹೇಳಿ ಸುಮ್ಮನಾಗಲಿಲ್ಲ; ಜನರಿಗೆ ಹೊಣೆಯಾಗಿರುವ ಸರಕಾರದ ಕಡೆಗೆ ಹೆಜ್ಜೆ ಇಡಬೇಕೆಂಬ ಮಾತು ಆ ವರದಿಯಲ್ಲಿ ಬಂದಿತು. ಶಾಲೆಯ ಜಗಳದಿಂದ ಹೊರಟ ವಿಚಾರಣೆ ಪೌರತ್ವದ ಪ್ರಶ್ನೆಗೆ ಬಂದು ಮುಟ್ಟಿತು.

ಗಣರಾಜ್ಯ ಬಂದ ಮೇಲೆ ಪಟ್ಟಿಗಳ ಕಥೆ ಮುಂದುವರಿಯಿತು. ನಾಗನಗೌಡ ಸಮಿತಿಯ ಬಳಿಕ ಬಂದ ಮೀಸಲಾತಿ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯ 1962ರ ಬಾಲಾಜಿ ಪ್ರಕರಣದಲ್ಲಿ ರದ್ದುಪಡಿಸಿತು. ಚಿತ್ರದುರ್ಗದಲ್ಲಿ ವಕೀಲಿ ಮಾಡಿ ಬೆಳೆದ ಎಸ್. ನಿಜಲಿಂಗಪ್ಪನವರು ಆಗ ಮುಖ್ಯಮಂತ್ರಿಗಳು. 1975ರ ಹಾವನೂರು ಆಯೋಗದ ಹಿಂದುಳಿದವರ ಪಟ್ಟಿಯಲ್ಲಿ ಮುಸ್ಲಿಮರು ಇರಲಿಲ್ಲ. 1977ರಲ್ಲಿ ದೇವರಾಜ ಅರಸರ ಸರಕಾರ ಅವರನ್ನು ಸೇರಿಸಿತು. 1990ರ ದಶಕದಲ್ಲಿ 2ಬಿ ಎಂಬ ಪ್ರವರ್ಗವೂ ಶೇಕಡ 4ರ ಪಾಲೂ ಬಂದವು. 2023ರ ಮಾರ್ಚ್‌ನಲ್ಲಿ ಅದನ್ನು ಕಿತ್ತುಹಾಕುವ ಆಜ್ಞೆ ಹೊರಟಿತು, ವಿಷಯ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಈ ಏರಿಳಿತವನ್ನು ನಮ್ಮವರು ಬಲ್ಲರು. ನಾವು ಕೇಳಬಯಸುವುದು ಇನ್ನೊಂದು ಪ್ರಶ್ನೆ. ಪಟ್ಟಿಯಲ್ಲಿ ಹೆಸರಿದ್ದ ಆ ದಶಕಗಳಲ್ಲಿ ಬಾಗೂರಿನಂತಹ ಊರಿನ ಎಷ್ಟು ಮನೆಗಳಿಗೆ ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ, ಅದರ ಕೊನೆಯ ದಿನಾಂಕ ಇವು ತಲುಪಿದವು? ತಲುಪಿಸಬೇಕಾದವರು ಯಾರಾಗಿದ್ದರು?

ನೆರೆಯವರಿಂದ ಕಲಿಯಲು ನಾಚಿಕೆಪಡಬೇಕಿಲ್ಲ. ನಮ್ಮ ಜಿಲ್ಲೆಯ ಸಿರಿಗೆರೆಯ ತರಳಬಾಳು ಮಠದಲ್ಲಿ ಸೋಮವಾರಗಳಂದು ಸದ್ಧರ್ಮ ನ್ಯಾಯಪೀಠ ನಡೆಯುತ್ತದೆ. ಹೊಲದ ಬದು, ಅಣ್ಣತಮ್ಮಂದಿರ ಪಾಲು, ಗಂಡಹೆಂಡಿರ ಮುನಿಸು, ಹೀಗೆ ಬಗೆಬಗೆಯ ವ್ಯಾಜ್ಯಗಳು ಅಲ್ಲಿಗೆ ಬರುತ್ತವೆ. ಅದೇ ಮಠ ಹಳ್ಳಿಹಳ್ಳಿಗಳಲ್ಲಿ ಶಾಲೆಗಳನ್ನೂ ಉಚಿತ ವಿದ್ಯಾರ್ಥಿ ನಿಲಯಗಳನ್ನೂ ಕಟ್ಟಿತು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಅದರ ಶಾಖಾಮಠ ಶಾಲೆಯ ಜೊತೆಗೆ ರಂಗಭೂಮಿಯನ್ನೂ ಬೆಳೆಸಿತು. ಜಗಳ ಬಿಡಿಸುವ ಕೈಯೇ ಶಾಲೆ ಕಟ್ಟಿತೆಂಬುದು ಗಮನಿಸಬೇಕಾದ ಸಂಗತಿ. ನಮ್ಮ ಜಮಾಅತ್‌ಗಳಲ್ಲಿಯೂ ತಲಾಖಿನ, ಆಸ್ತಿಯ, ಸಾಲದ ತಕರಾರುಗಳು ಮುತವಲ್ಲಿಯವರ ಮುಂದೆ ಬರುತ್ತವೆ. ಬಹಳಷ್ಟು ಕಡೆ ಅವನ್ನು ನ್ಯಾಯವಾಗಿಯೇ ಬಗೆಹರಿಸುತ್ತಾರೆ. ಆದರೆ ಏಳನೆಯ ತರಗತಿಗೆ ಶಾಲೆ ಬಿಟ್ಟ ಹುಡುಗಿಯ ವಿಷಯ ತಕರಾರು ಎಂದು ನಮ್ಮ ಯಾವ ಕಮಿಟಿಯ ಪುಸ್ತಕದಲ್ಲಿ ದಾಖಲಾಗಿದೆ? ಅವಳ ಪರವಾಗಿ ದೂರು ಕೊಡುವವರಿಲ್ಲ. ಆದ್ದರಿಂದ ಅದು ತಕರಾರೇ ಅಲ್ಲವೆಂದು ನಾವು ಭಾವಿಸಿದ್ದೇವೆ.

2001ರ ಏಪ್ರಿಲ್‌ನಲ್ಲಿ ಕರ್ನಾಟಕ ಸರಕಾರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸುವ ಆಜ್ಞೆ ಹೊರಡಿಸಿತು. ಎಸ್‌ಡಿಎಂಸಿ ಎಂಬ ಹೆಸರಿನಿಂದ ಅವು ಪ್ರತಿ ಹಳ್ಳಿಯಲ್ಲಿಯೂ ಪರಿಚಿತ. 2009ರ ಶಿಕ್ಷಣ ಹಕ್ಕು ಕಾಯಿದೆ ಇನ್ನೂ ಮುಂದೆ ಹೋಗಿ, ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ವಂಚಿತ ವರ್ಗಗಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನವಿರಬೇಕು ಎಂದಿತು. 1868ರಲ್ಲಿ ಕಟ್ಟಡ ಕೊಡಬಲ್ಲವನಿಗಿದ್ದ ಅಧಿಕಾರ ಕಾಗದದ ಮೇಲಾದರೂ ಕೂಲಿ ಮಾಡುವ ತಾಯಿಗೆ ಬಂದಿತು. ಇದು ಸಣ್ಣ ಮಾತಲ್ಲ. ಮತ ಹಾಕುವುದು ಐದು ವರ್ಷಕ್ಕೊಮ್ಮೆ. ಬಿಸಿಯೂಟದ ಅಕ್ಕಿ ಹುಳು ಹಿಡಿದಿದೆಯೇ, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿದೆಯೇ ಎಂದು ಕೇಳುವುದು ಪ್ರತಿ ತಿಂಗಳ ಪೌರತ್ವ. ಆ ಸಭೆಯಲ್ಲಿ ನಮ್ಮ ತಾಯಂದಿರಿಗೆ ಮೀಸಲಾದ ಕುರ್ಚಿ ಖಾಲಿಯಾಗಿದ್ದರೆ, ಅಥವಾ ಅವರ ಹೆಸರಿನಲ್ಲಿ ಗಂಡಂದಿರು ಹೋಗಿ ಸಹಿ ಹಾಕಿ ಬಂದಿದ್ದರೆ, ದೋಷವನ್ನು ಸರಕಾರದ ಮೇಲೆ ಹೊರಿಸುವುದು ಹೇಗೆ?

ಮಧ್ಯಸ್ಥಿಕೆಯ ಮೇಜಿನಲ್ಲಿ ಸ್ಥಾನವಿಲ್ಲದಿದ್ದರೆ ಏನಾಗುತ್ತದೆಂಬುದನ್ನೂ ನಾವು ಕಂಡಿದ್ದೇವೆ. ಪದವಿಪೂರ್ವ ಕಾಲೇಜುಗಳ ಅಭಿವೃದ್ಧಿ ಸಮಿತಿಗಳು 2014ರ ಸುತ್ತೋಲೆಯಿಂದ ಬಂದವು. ಅವುಗಳ ಅಧ್ಯಕ್ಷರು ಸ್ಥಳೀಯ ಶಾಸಕರು. 2022ರ ಫೆಬ್ರವರಿ 5ರ ಸರಕಾರಿ ಆಜ್ಞೆ ಸಮವಸ್ತ್ರದ ನಿರ್ಧಾರವನ್ನು ಈ ಸಮಿತಿಗಳ ಕೈಗಿತ್ತಿತು. ಹಿಜಾಬ್ ಧರಿಸಿದ ಹುಡುಗಿಯರು ಗೇಟಿನ ಹೊರಗೆ ನಿಂತ ಚಿತ್ರಗಳನ್ನು ಯಾವ ಮುಸ್ಲಿಮ್ ಮನೆಯೂ ಮರೆತಿಲ್ಲ. ಮಾರ್ಚ್ 15ರಂದು ಹೈಕೋರ್ಟ್ ಅವರ ಅರ್ಜಿಗಳನ್ನು ವಜಾ ಮಾಡಿತು. ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪಿತ್ತರು. ಕಾನೂನಿನ ವಾದ ಏನೇ ಇರಲಿ, ಕಾಲೇಜಿನೊಳಗೆ ಪ್ರಾಂಶುಪಾಲರು, ಪೋಷಕರು, ಆ ಹುಡುಗಿಯರು ಒಂದೇ ಕೋಣೆಯಲ್ಲಿ ಕುಳಿತು ಮುಗಿಸಬಹುದಾದ ಮಾತು ಬೀದಿಗೂ ದೂರದರ್ಶನಕ್ಕೂ ಹೋಯಿತು. ಪರೀಕ್ಷೆ ತಪ್ಪಿಸಿಕೊಂಡವರು ಆ ಹುಡುಗಿಯರು. ನಮ್ಮ ಕಡೆಯಿಂದಲೂ ಮಾತಿಗೆ ಹೋದವರಿಗಿಂತ ಹೇಳಿಕೆ ಕೊಟ್ಟವರೇ ಹೆಚ್ಚಾಗಿದ್ದರೆಂದು ಹೇಳುವಾಗ ನಮಗೆ ನೋವಾಗುತ್ತದೆ.

ನಡುವೆ ನಿಲ್ಲುವವನು ಸೇತುವೆಯಾಗಬಹುದು, ಸುಂಕದ ಕಟ್ಟೆಯೂ ಆಗಬಹುದು. ಪ್ರಮಾಣಪತ್ರಕ್ಕೆ ದುಡ್ಡು ಕೇಳುವ ದಲ್ಲಾಳಿ, ಮತಕ್ಕಾಗಿ ಮಾತ್ರ ಮೊಹಲ್ಲಾಕ್ಕೆ ಬರುವ ಮುಖಂಡ, ಜನರು ಅಕ್ಷರ ಕಲಿತರೆ ತನ್ನ ಬಾಗಿಲಿಗೆ ಬರುವುದು ನಿಂತೀತೆಂದು ಅಂಜುವ ಹಿರಿಯ, ಇವರೂ ತಮ್ಮನ್ನು ಮಧ್ಯಸ್ಥರೆಂದೇ ಕರೆದುಕೊಳ್ಳುತ್ತಾರೆ. ಇವರನ್ನು ಗುರುತಿಸುವುದು ಕಷ್ಟವಲ್ಲ. ಒಳ್ಳೆಯ ಮಧ್ಯಸ್ಥನ ಬಳಿಗೆ ಒಂದು ಮನೆ ಎರಡನೆಯ ಸಲ ಅದೇ ಕೆಲಸಕ್ಕೆ ಹೋಗಬೇಕಾಗುವುದಿಲ್ಲ. ಮೊದಲ ಸಲವೇ ಅರ್ಜಿ ಬರೆಯುವುದನ್ನು ಅವನು ಕಲಿಸಿರುತ್ತಾನೆ.

ಮೇ ತಿಂಗಳ ಕೊನೆಯ ಜುಮುಅ ಹತ್ತಿರ ಬರುತ್ತದೆ. ಶಾಲೆಗಳು ತೆರೆಯುವ ಮುನ್ನ ಒಂದು ವಾರ ಉಳಿದಿರುತ್ತದೆ. ನಮಾಝ್ ಮುಗಿದ ಮೇಲೆ ಮಸೀದಿಯ ಹೊರಜಗಲಿಯಲ್ಲಿ ಒಂದು ಚಾಪೆ, ಒಂದು ನೋಟ್ ಪುಸ್ತಕ, ಓದಿದ ಇಬ್ಬರು ಹುಡುಗರು, ಸಾಧ್ಯವಾದರೆ ಹೆಂಗಸರಿಗಾಗಿ ಯಾರದಾದರೂ ಮನೆಯಲ್ಲಿ ಓದಿದ ಇಬ್ಬರು ಹುಡುಗಿಯರು. ಆರು ತುಂಬಿದ ಮಕ್ಕಳ ಹೆಸರು, ಜನನ ಪ್ರಮಾಣಪತ್ರದಲ್ಲಿರುವ ಅಕ್ಷರದಂತೆಯೇ. ಶಾಲೆ ಬಿಟ್ಟವರ ಹೆಸರು, ಬಿಟ್ಟ ತರಗತಿ. ಹದಿನೆಂಟು ತುಂಬಿಯೂ ಮತದಾರರ ಪಟ್ಟಿಯಲ್ಲಿಲ್ಲದವರ ಹೆಸರು. ಬೆಳಿಗ್ಗೆ ಆ ಪುಸ್ತಕವನ್ನು ಹಿಡಿದು ಮುಖ್ಯೋಪಾಧ್ಯಾಯರ ಕೋಣೆಗೆ ಹೋಗುವಾಗ ತಂದೆಯ ಜೊತೆ ತಾಯಿಯೂ ಇರಲಿ, ಹುಟ್ಟಿದ ದಿನವನ್ನು ಅವಳೇ ಹೇಳಲಿ. ಅವಳಿಗೆ ಅದು ಚೆನ್ನಾಗಿ ನೆನಪಿದೆ.